ತೇರಿನ ದಿನವೊಂದೇ ಜಾತ್ರೆಯಲ್ಲ

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಅಳಿಯಂದಿರು, ಮಕ್ಕಳು, ನಿನ್ನ ಅತ್ತೆಯವರು ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ಬೇಸಿಗೆಯಲ್ಲಿ ಮಕ್ಕಳಿಗೆ ಒಂದೆರಡು ಜಾತ್ರೆ ತೋರಿಸಬೇಕು, ಹೇಗೆ ಹೊರಡಲಿ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಜಾತ್ರೆ ಅಂದರೆ ತೇರು ಎಳೆಯುವ ಆ ಎರಡು ಗಂಟೆ ಅಂದುಕೊಂಡು ಎಲ್ಲರೂ ಅದೇ ಹೊತ್ತಿಗೆ ಓಡುತ್ತಾರೆ. ನೂಕುನುಗ್ಗಲಲ್ಲಿ ಮಗು ಅಳುತ್ತದೆ, ಹಿರಿಯರಿಗೆ ತಲೆ ಸುತ್ತುತ್ತದೆ, ಕಳಶದ ತುದಿಯೊಂದನ್ನು ಕಂಡು ವಾಪಸಾಗುತ್ತಾರೆ. ನಮ್ಮ ದೊಡ್ಡ ಜಾತ್ರೆಗಳು ಒಂದು ದಿನದವಲ್ಲ ಮಗಳೇ. ಧ್ವಜಾರೋಹಣದಿಂದ ಶುರುವಾಗಿ ವಾಹನೋತ್ಸವ, ತೇರು, ತೆಪ್ಪೋತ್ಸವ ಅಂತ ವಾರದ ಮೇಲೂ ನಡೆಯುತ್ತವೆ. ನಿಮ್ಮ ಜೊತೆ ಯಾರು ಬರುತ್ತಾರೆ ಅಂತ ನೋಡಿ ದಿನ ಆರಿಸಿಕೋ. ನಿನ್ನ ಅತ್ತೆಯವರಿಗೆ ಮಂಡಿ ನೋವು, ಚಿಕ್ಕವನಿಗೆ ಇನ್ನೂ ಐದು ವರ್ಷ. ನಿಮಗೆ ಒಳ್ಳೆಯದು ತೇರಿನ ಹಿಂದಿನ ಸಂಜೆ. ಆಗ ರಥ ಅಲಂಕಾರವಾಗಿ ಬೀದಿಯಲ್ಲಿ ನಿಂತಿರುತ್ತದೆ. ಸುತ್ತು ಹಾಕಬಹುದು, ಗಾಲಿ ಮುಟ್ಟಬಹುದು, ತೇರಿನ ಬುಡದ ಮರದ ಕೆತ್ತನೆಯನ್ನು ಮಕ್ಕಳಿಗೆ ಬೆರಳಿಟ್ಟು ತೋರಿಸಬಹುದು. ಓಡುವ ತೇರಿನಲ್ಲಿ ಇದೊಂದೂ ಕಾಣುವುದಿಲ್ಲ.

ನಂಜನಗೂಡಿನ ದೊಡ್ಡ ಜಾತ್ರೆಯನ್ನೇ ನೋಡು. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಅಂತ ಐದು ತೇರು. ಶ್ರೀಕಂಠೇಶ್ವರನ ಗೌತಮ ರಥವೇ ಎಲ್ಲಕ್ಕಿಂತ ದೊಡ್ಡದು. ತೇರು ಹೊರಡುವುದು ಬೆಳಗಿನ ಜಾವ, ಹತ್ತು ಗಂಟೆಗೆ ಹೋದವರಿಗೆ ಬಿಸಿಲು ಮತ್ತು ಜನ ಮಾತ್ರ ಸಿಗುತ್ತದೆ. ಆದ್ದರಿಂದ ಹಿಂದಿನ ರಾತ್ರಿ ಮೈಸೂರಿನಲ್ಲಿ ಉಳಿಯಿರಿ. ಅಲ್ಲಿಂದ ಸುಮಾರು 25 ಕಿ.ಮೀ. ಚಾಮರಾಜನಗರದ ರೈಲು ಸಮಯಕ್ಕೆ ಹೊಂದಿದರೆ ಅದೇ ಸುಖ, ಕಾರಿಗಾದರೆ ಊರ ಹೊರಗೇ ತಡೆ ಹಾಕಿರುತ್ತಾರೆ. ತೇರಿನ ದಿನ ಬೇಡವೆನಿಸಿದರೆ ಆಮೇಲೆ ಕಪಿಲಾ ನದಿಯಲ್ಲಿ ನಡೆಯುವ ತೆಪ್ಪೋತ್ಸವಕ್ಕೆ ಹೋಗಿ. ಸಂಜೆಯ ತಂಪು, ದೀಪದ ಬೆಳಕು, ಕೂತು ನೋಡುವ ಅನುಕೂಲ. ಮಕ್ಕಳನ್ನು ಮಾತ್ರ ಸೋಪಾನದ ಕೆಳಗಿನ ಮೆಟ್ಟಿಲಿಗೆ ಬಿಡಬೇಡ, ನೀರು ತಾಗುವ ಕಲ್ಲು ಪಾಚಿಗಟ್ಟಿ ಜಾರುತ್ತದೆ.

ಮೇಲುಕೋಟೆಯ ವೈರಮುಡಿ ರಾತ್ರಿಯ ಉತ್ಸವ. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಬರುವ ವೈರಮುಡಿ ಎಂಬ ವಜ್ರದ ಕಿರೀಟವನ್ನು ಚೆಲುವನಾರಾಯಣನಿಗೆ ತೊಡಿಸಿ ಬೀದಿಗೆ ಕರೆತರುವಷ್ಟರಲ್ಲಿ ರಾತ್ರಿ ಬಹಳವಾಗಿರುತ್ತದೆ. ಮಧ್ಯಾಹ್ನ ಮಕ್ಕಳನ್ನು ಎರಡು ಗಂಟೆ ಮಲಗಿಸಿಯೇ ಹೊರಡಬೇಕು. ಬೆಟ್ಟದ ಮೇಲೆ ಬೇಸಿಗೆಯಲ್ಲೂ ರಾತ್ರಿ ಗಾಳಿ ತಣ್ಣಗಿರುತ್ತದೆ, ಒಂದು ಶಾಲು ಇರಲಿ. ಯೋಗನರಸಿಂಹಸ್ವಾಮಿ ಬೆಟ್ಟದ ಮೆಟ್ಟಿಲನ್ನು ಅವತ್ತೇ ಹತ್ತಿಸಿದರೆ ಉತ್ಸವದ ಹೊತ್ತಿಗೆ ಎಲ್ಲರೂ ಸುಸ್ತು. ಅದಕ್ಕೆ ಬೇರೆ ದಿನ ಇಟ್ಟುಕೋ.

ತಾರೀಖಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹೋದ ವರ್ಷ ಇಂಥ ದಿನ ಇತ್ತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಆಗದು. ಜಾತ್ರೆ ನಡೆಯುವುದು ಚಾಂದ್ರಮಾನದ ತಿಥಿ ಹಿಡಿದು. ಚಾಂದ್ರಮಾನ ವರ್ಷ ಸುಮಾರು 354 ದಿನದ್ದು, ಹಾಗಾಗಿ ತಾರೀಖು ವರ್ಷಕ್ಕೆ 11 ದಿನ ಹಿಂದಕ್ಕೆ ಸರಿಯುತ್ತದೆ. ಅಧಿಕ ಮಾಸ ಬಂದ ಮೇಲೆ ಮತ್ತೆ ಮುಂದಕ್ಕೆ ಹಾರುತ್ತದೆ. ಯುಗಾದಿ 2025ರಲ್ಲಿ ಮಾರ್ಚ್ 30ಕ್ಕೆ ಇದ್ದದ್ದು 2026ರಲ್ಲಿ ಮಾರ್ಚ್ 19ಕ್ಕೆ ಬಂತು, ಅದೇ ವರ್ಷ ಅಧಿಕ ಜ್ಯೇಷ್ಠ ಇರುವುದರಿಂದ 2027ರಲ್ಲಿ ಏಪ್ರಿಲ್ 7ಕ್ಕೆ. ಹೀಗಾಗಿ ಒಂದು ವರ್ಷ ರಜೆಯಲ್ಲಿ ಸಿಗುವ ಜಾತ್ರೆ ಇನ್ನೊಂದು ವರ್ಷ ಪರೀಕ್ಷೆಯ ನಡುವೆ ಬೀಳುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆಯಂತೂ ಎರಡು ವರ್ಷಕ್ಕೊಮ್ಮೆ. ಹೊಸ ಪಂಚಾಂಗ ಬಂದ ಕೂಡಲೇ ತಿಥಿ ನೋಡಿ, ದೇವಸ್ಥಾನದ ಕಚೇರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡು, ಆಮೇಲೆ ಟಿಕೆಟ್ ಮಾಡಿಸು.

ದವನದ ಹುಣ್ಣಿಮೆ, ಅಂದರೆ ಚೈತ್ರ ಶುದ್ಧ ಹುಣ್ಣಿಮೆ, ಒಂದೇ ದಿನ ಎರಡು ಕಡೆ ಕರೆಯುತ್ತದೆ. ಹಂಪಿಯಲ್ಲಿ ವಿರೂಪಾಕ್ಷನ ತೇರು, ಬೆಂಗಳೂರಿನಲ್ಲಿ ಹೂವಿನ ಕರಗ, ಅಂದರೆ ದ್ರೌಪದಿಯ ಹೆಸರಲ್ಲಿ ತಲೆಯ ಮೇಲೆ ಹೊರುವ ಹೂವಿನ ಅಲಂಕಾರದ ಕಳಶದ ಮೆರವಣಿಗೆ. ಹಂಪಿಯ ಬಿಸಿಲು ಸಾಮಾನ್ಯವಲ್ಲ. ಸುತ್ತಲಿನ ಬಂಡೆಗಳು ಹಗಲೆಲ್ಲ ಕಾದು ಸಂಜೆಯೂ ಶಾಖ ಕಾರುತ್ತವೆ. ಹೊಸಪೇಟೆಯಲ್ಲಿ ಉಳಿದು, ಮಧ್ಯಾಹ್ನವೆಲ್ಲ ನೆರಳಲ್ಲಿದ್ದು, ಇಳಿಹೊತ್ತಿನಲ್ಲಿ ರಥಬೀದಿಗೆ ಹೋಗಬೇಕು. ಗುಡಿಯ ಒಳಗಿನ ಕಲ್ಲುಹಾಸು ಬರಿಗಾಲಿಗೆ ಸುಡುತ್ತದೆ, ಮಕ್ಕಳಿಗೆ ಹತ್ತಿಯ ಕಾಲುಚೀಲ ಹಾಕಿಸು.

ಕರಗಕ್ಕೆ ಬೇರೆ ತಯಾರಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುವುದು ನಡುರಾತ್ರಿ ಕಳೆದ ಮೇಲೆ, ಹೇಳಿದ ಹೊತ್ತಿಗಿಂತ ತಡವಾಗುವುದೂ ಉಂಟು. ಗುಡಿಯ ಮುಂದಿನ ಕಿರಿದಾದ ಬೀದಿಗೆ ಮಕ್ಕಳನ್ನು ಒಯ್ಯಲೇಬೇಡ. ಮೆರವಣಿಗೆ ಪೇಟೆಯ ಬೀದಿಗಳನ್ನೆಲ್ಲ ಸುತ್ತಿ ಬೆಳಿಗ್ಗೆ ಹಿಂತಿರುಗುತ್ತದೆ. ದಾರಿಯಲ್ಲಿ ಪರಿಚಯದವರ ಮನೆಯ ಜಗಲಿಯೋ ಮಹಡಿಯೋ ಸಿಕ್ಕರೆ ಅದೇ ಜಾಗ. ಮಕ್ಕಳು ಮಲಗಿರಲಿ, ಕರಗದ ಕಾವಲಿಗೆ ನಡೆಯುವ ವೀರಕುಮಾರರ ‘ಗೋವಿಂದ’ ಕೂಗು ಕೇಳಿದಾಗ ಎಬ್ಬಿಸಿದರೆ ಸಾಕು. ಕತ್ತಿ ಹಿಡಿದ ವೀರಕುಮಾರರ ದಾರಿಗೆ ಅಡ್ಡ ಬರಬಾರದು, ಫೋಟೊಗೆಂದು ಕರಗ ಹೊತ್ತವರ ಮುಖಕ್ಕೆ ಬೆಳಕು ಹಾಯಿಸಬಾರದು. ತಲೆಯ ಮೇಲಿನ ಕರಗವನ್ನು ಕೈ ಹಿಡಿಯದೆ ಹೊತ್ತು ನಡೆಯುವವರಿಗೆ ಕ್ಷಣ ಕಣ್ಣು ಕುಕ್ಕಿದರೂ ಕಷ್ಟ. ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತದೆ ಎಂಬುದನ್ನು ಮಕ್ಕಳಿಗೆ ಹೇಳು. ಬೇಲೂರಿನಲ್ಲಿ ಚೆನ್ನಕೇಶವನ ತೇರಿನ ಸಂದರ್ಭದಲ್ಲಿ ಕುರಾನಿನ ಸಾಲು ಓದುವ ರೂಢಿಯನ್ನೂ ಹೇಳು. ನಮ್ಮ ಊರುಗಳು ಹೇಗೆ ಬಾಳಿಕೊಂಡು ಬಂದಿವೆ ಅಂತ ಮಕ್ಕಳಿಗೆ ಗೊತ್ತಾಗಬೇಕು, ಇದು ನನ್ನ ಮನಸ್ಸಿನ ಮಾತು.

ಈಗ ತೇರಿನ ಹತ್ತಿರ ನಿಲ್ಲುವ ಬಗ್ಗೆ. ಇದನ್ನು ಅಳಿಯಂದಿರಿಗೂ ಓದಿ ಹೇಳು. ತೇರಿಗೆ ಬಸ್ಸಿನ ಹಾಗೆ ಸ್ಟೇರಿಂಗ್ ಇಲ್ಲ, ಕಾಲಲ್ಲಿ ಒತ್ತುವ ಬ್ರೇಕಿಲ್ಲ. ಗಾಲಿಯ ಮುಂದೆ ಮರದ ತುಂಡು ಕೊಟ್ಟು ನಿಲ್ಲಿಸುತ್ತಾರೆ, ಒಂದು ಕಡೆಯ ಗಾಲಿಗೆ ಮಾತ್ರ ಕೊಟ್ಟು ತಿರುಗಿಸುತ್ತಾರೆ. ಅದಕ್ಕೇ ಬೀದಿಯ ತಿರುವಿನಲ್ಲಿ ತೇರು ಒಮ್ಮೆಲೇ ಒಂದು ಪಕ್ಕಕ್ಕೆ ಜರುಗುತ್ತದೆ, ಗೋಡೆಗೂ ತೇರಿಗೂ ನಡುವೆ ನಿಂತವರಿಗೆ ಸರಿಯಲು ಜಾಗ ಇರುವುದಿಲ್ಲ. ತಿರುವಿನಲ್ಲಿ ನಿಲ್ಲಬೇಡಿ, ನೇರ ಬೀದಿಯ ಎತ್ತರದ ಜಗಲಿಯ ಮೇಲೆ ನಿಲ್ಲಿ. ಬೆನ್ನ ಹಿಂದೆ ಅಡ್ಡಬೀದಿಯೋ ತೆರೆದ ಬಾಗಿಲೋ ಇದ್ದರೆ ಇನ್ನೂ ಒಳ್ಳೆಯದು. ಹಗ್ಗ ಮುಟ್ಟಿ ನಮಸ್ಕರಿಸುವ ಆಸೆ ಇದ್ದರೆ ತೇರು ಹೊರಡುವ ಮುಂಚೆಯೇ, ಹಗ್ಗ ನೆಲದ ಮೇಲಿರುವಾಗ ಮುಟ್ಟಿಸಿ. ಎಳೆಯಲು ಶುರುವಾದ ಮೇಲೆ ಹಗ್ಗ ಸಡಿಲಾಗಿ ಮತ್ತೆ ಬಿಗಿಯುವಾಗ ಸಾಲಾಗಿ ಜನ ಬೀಳುತ್ತಾರೆ, ಬಿದ್ದವರ ಹಿಂದೆಯೇ ಗಾಲಿ ಬರುತ್ತಿರುತ್ತದೆ. ತೇರಿಗೆ ಎಸೆದ ಹಣ್ಣು-ಜವನ (ಬಾಳೆಹಣ್ಣು, ದವನದ ಎಸಳು), ಉತ್ತತ್ತಿ ಎಲ್ಲ ಕಾಲಡಿಗೆ ಬಂದು, ಬಾಳೆಹಣ್ಣು ತುಳಿದು ಜಾರುವವರು ಬಹಳ. ಹಿಂಬದಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ, ಹವಾಯಿ ಚಪ್ಪಲಿ ಬೇಡ. ಕೆಳಗೆ ಬಿದ್ದ ಹಣ್ಣನ್ನೋ ಚಪ್ಪಲಿಯನ್ನೋ ಎತ್ತಲು ಜನರ ನಡುವೆ ಬಗ್ಗಲೇಬಾರದು. ಹೋದರೆ ಹೋಗಲಿ.

ಮಕ್ಕಳ ತೋಳಿನ ಮೇಲೆ ನಿಮ್ಮಿಬ್ಬರ ಫೋನ್ ನಂಬರನ್ನು ಬಾಲ್‌ಪೆನ್ನಿನಲ್ಲಿ ಬರೆದು, ಅದರ ಮೇಲೆ ಪಾರದರ್ಶಕ ಟೇಪು ಅಂಟಿಸು, ಬೆವರಿಗೆ ಅಳಿಸುವುದಿಲ್ಲ. ಹೆಸರನ್ನು ಹೊರಗೆ ಕಾಣುವಂತೆ ಬರೆಯಬೇಡ, ಹೆಸರು ಹಿಡಿದು ಕರೆದವರನ್ನು ಮಗು ನಂಬಿಬಿಡುತ್ತದೆ. ಮನೆ ಬಿಡುವ ಮುಂಚೆ ಅವತ್ತಿನ ಬಟ್ಟೆಯಲ್ಲೇ ಒಂದೊಂದು ಫೋಟೊ ತೆಗೆದುಕೋ. ಜಾತ್ರೆಗೆ ಹೋದ ಕೂಡಲೇ ಪೊಲೀಸರ ಹೊರಠಾಣೆಯನ್ನೂ ಮೈಕಿನಲ್ಲಿ ಕೂಗುವ ಜಾಗವನ್ನೂ ಮಕ್ಕಳಿಗೆ ತೋರಿಸಿ, ‘ತಪ್ಪಿಸಿಕೊಂಡರೆ ಹುಡುಕಿಕೊಂಡು ಹೋಗಬೇಡಿ, ಅಲ್ಲೇ ನಿಲ್ಲಿ, ಇಲ್ಲವೆ ಪಕ್ಕದ ಅಂಗಡಿಯವರಿಗೆ ಹೇಳಿ’ ಅಂತ ಎರಡು ಸಲ ಹೇಳಿಸು. ಜನ ಹೆಚ್ಚಾದರೆ ಫೋನು ಸಿಗುವುದಿಲ್ಲ, ಆದ್ದರಿಂದ ದೊಡ್ಡವರೂ ಸೇರುವ ಜಾಗವೊಂದನ್ನು ಗೊತ್ತುಮಾಡಿಕೊಳ್ಳಿ. ‘ಗೋಪುರದ ಹತ್ತಿರ’ ಅಂದರೆ ಸಾಲದು, ಅಲ್ಲಿ ಸಾವಿರ ಜನ ಇರುತ್ತಾರೆ. ಕಂಬ, ಬ್ಯಾಂಕು, ಅರಳಿಕಟ್ಟೆ, ಹೀಗೆ ಕದಲದ ಗುರುತು ಬೇಕು. ತೊಂದರೆಯಾದರೆ 112, ಮಕ್ಕಳ ಸಹಾಯಕ್ಕೆ 1098, ಆಂಬುಲೆನ್ಸಿಗೆ 108.

ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನಲ್ಲಿ ದುಡ್ಡು ಕೊಡುವುದೂ ಆಗುವುದಿಲ್ಲ. ಹತ್ತು, ಇಪ್ಪತ್ತರ ನೋಟು ಮುಂಚೆಯೇ ಮಾಡಿಸಿಟ್ಟುಕೋ. ಮಕ್ಕಳ ಕೈಗೆ ಇಷ್ಟು ಅಂತ ಲೆಕ್ಕ ಮಾಡಿ ಕೊಟ್ಟುಬಿಡು, ಪೀಪಿ ಬೇಕೋ ಬಳೆ ಬೇಕೋ ಅವರೇ ಆರಿಸಲಿ. ಹಟ ಅರ್ಧ ಕಡಿಮೆಯಾಗುತ್ತದೆ. ಒಡವೆ ಮನೆಯಲ್ಲೇ ಇರಲಿ.

ತಿನ್ನುವುದನ್ನು ಪೂರ್ತಿ ತಡೆಯಬೇಡ, ಅದಿಲ್ಲದೆ ಜಾತ್ರೆ ಏನು? ಬೆಂಡು ಬತ್ತಾಸು, ಕಡ್ಲೆಪುರಿ, ಖಾರ, ಕಣ್ಣೆದುರೇ ಎಣ್ಣೆಯಿಂದ ತೆಗೆದ ಮಿರ್ಚಿ ಬಜ್ಜಿ ಧಾರಾಳವಾಗಿ ತಿನ್ನಿ. ಹೆಚ್ಚಿಟ್ಟ ಹಣ್ಣು, ನೀರು ಬೆರೆಸಿದ ಚಟ್ನಿ ಬೇಡ. ಬಣ್ಣದ ಬಾಂಬೆ ಮಿಠಾಯಿ ಬೇಡವೇ ಬೇಡ. ಅದರಲ್ಲಿ ರೋಡಮೈನ್-ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿದ್ದಕ್ಕೇ 2024ರ ಮಾರ್ಚಿನಲ್ಲಿ ಸರ್ಕಾರ ಕೃತಕ ಬಣ್ಣವನ್ನು ನಿಷೇಧಿಸಿತು. ಬಿಳಿಯದು ಸಿಕ್ಕರೆ ಕೊಡಿಸು. ಕಬ್ಬಿನ ಹಾಲಿಗೆ ಐಸ್ ಹಾಕಿಸಬೇಡ, ಅದು ಬಹಳ ಕಡೆ ಮೀನು, ಹಾಲು ತಣ್ಣಗಿಡಲು ಮಾಡಿದ ಗಡ್ಡೆ. ದಾಸೋಹದ ಅನ್ನ-ಸಾರು ಬಿಸಿಬಿಸಿ ಇರುವ ಮೊದಲ ಪಂಕ್ತಿಗೇ ಕೂರಿ.

ನೀರು ಮನೆಯಿಂದಲೇ ಬರಲಿ, ಅರ್ಧ ದಿನಕ್ಕೆ ದೊಡ್ಡವರಿಗೆ ತಲಾ 2 ಲೀಟರ್. ಓಆರ್‌ಎಸ್ ಪೊಟ್ಟಣವನ್ನು ಅರ್ಧರ್ಧ ಲೋಟಕ್ಕೆ ಸುರಿಯುವವರಿದ್ದಾರೆ, ಅದು ತಪ್ಪು. 1 ಲೀಟರಿನ ಪೊಟ್ಟಣವಾದರೆ ಪೂರ್ತಿ 1 ಲೀಟರ್ ನೀರಿಗೇ ಕಲಸಬೇಕು. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಸಮಮಟ್ಟವಾಗಿರಲಿ. ಉಪ್ಪು ಹೆಚ್ಚಾದರೆ ಮಗುವಿಗೆ ಕೆಡುಕು. ಬಿಸಿಲಿನಲ್ಲಿ ಯಾರಿಗಾದರೂ ಮೈ ಕೆಂಡವಾಗಿ ಮಾತು ತೊದಲಿದರೆ ಅದು ಬರೀ ಸುಸ್ತಲ್ಲ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕಿ ಬೀಸುತ್ತಲೇ 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ದೊಡ್ಡ ತೊಟ್ಟಿಲು (ಜೈಂಟ್ ವೀಲ್) ಹತ್ತುವ ಮುಂಚೆ ಅದು ಖಾಲಿ ತಿರುಗುವಾಗ ಒಂದು ಸುತ್ತು ನಿಂತು ನೋಡಿ. ಬುಡದ ಮರದ ದಿಮ್ಮಿ ಅಲ್ಲಾಡುತ್ತಿದ್ದರೆ, ತೊಟ್ಟಿಲ ಬಾಗಿಲಿಗೆ ಚಿಲಕದ ಬದಲು ಹಗ್ಗ ಕಟ್ಟಿದ್ದರೆ ಹತ್ತಬೇಡಿ. ದೊಡ್ಡವಳ ಜಡೆಯನ್ನು ತುರುಬು ಕಟ್ಟು, ದುಪಟ್ಟಾ ನೀನು ಇಟ್ಟುಕೋ. ತಿರುಗುವ ಅಚ್ಚಿಗೆ ಕೂದಲು ಸಿಕ್ಕರೆ ನಿಲ್ಲಿಸಲು ಹೊತ್ತು ಸಿಗುವುದಿಲ್ಲ. ಏಪ್ರಿಲ್ ನಡುವಿನಿಂದ ಅಶ್ವಿನಿ, ಭರಣಿ ಮಳೆಯ ಕಾಲ. ಸಂಜೆ ಈಶಾನ್ಯದಲ್ಲೋ ಪೂರ್ವದಲ್ಲೋ ಮೋಡ ಕಪ್ಪಾಗಿ ತಣ್ಣನೆ ಗಾಳಿ ಎದ್ದರೆ ಆಟ ಸಾಕು ಮಾಡಿ. ಶಾಮಿಯಾನದ ಕೆಳಗೂ ಮರದಡಿಯೂ ನಿಲ್ಲದೆ ಗಟ್ಟಿ ಕಟ್ಟಡ ಸೇರಿಕೊಳ್ಳಿ. ಮೊದಲು ಬರುವುದು ಗಾಳಿ, ಮಳೆ ಆಮೇಲೆ.

ಅತ್ತೆಯವರಿಗೆ ಮಡಚುವ ಸ್ಟೂಲೊಂದು ಮರೆಯಬೇಡ. ಅವರ ಬೆಳಗಿನ ಮಾತ್ರೆ, ಸಂಜೆಯ ಮಾತ್ರೆ ಎರಡೂ ಚೀಲದಲ್ಲಿರಲಿ, ಮರಳುವ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ. ಬಸ್ಸಿಗೆ ತೇರು ನೆಲೆ ಸೇರಿದ ಕೂಡಲೇ ಓಡಬೇಡಿ, ಆಗ ಎಲ್ಲರೂ ಓಡುತ್ತಾರೆ. ಒಂದು ಗಂಟೆ ಅಂಗಡಿ ಸಾಲಿನಲ್ಲಿ ಕಳೆದು ಹೊರಟರೆ ಅತ್ತೆಯವರಿಗೆ ಕೂರಲು ಸೀಟು ಸಿಗುತ್ತದೆ.

ಯಾವ ಜಾತ್ರೆ, ಯಾವ ದಿನ ಅಂತ ನಿಶ್ಚಯವಾದ ಮೇಲೆ ತಿಳಿಸು. ಮಕ್ಕಳಿಗೆ ಮುದ್ದು, ಅತ್ತೆಯವರಿಗೆ ನನ್ನ ನಮಸ್ಕಾರ.

ಇಂತಿ,
ನಿನ್ನ ದೊಡ್ಡಮ್ಮ

ಮರೆತಿದ್ದೆ: ತೇರಿಗೆ ಎಸೆಯಲು ಹಣ್ಣು-ಜವನ ಕೊಳ್ಳುವಾಗ ಚೆನ್ನಾಗಿ ಮಾಗಿದ ಸಣ್ಣ ಬಾಳೆಹಣ್ಣು ತೆಗೆದುಕೋ. ಗಟ್ಟಿ ಕಾಯಿ ಎಸೆದರೆ ತೇರಿನ ಮೇಲೆ ಕೂತ ಅರ್ಚಕರಿಗೆ ಪೆಟ್ಟಾಗುತ್ತದೆ.