ಮಗ್ಗಿ ಉರು ಹೊಡೆಸುವ ಮುನ್ನ

ಮಾನ್ಯ ಸಂಪಾದಕರೇ,

ಓದು, ಬರಹ ಚೆನ್ನಾಗಿಯೇ ಇರುವ ಮಗು ಲೆಕ್ಕದಲ್ಲಿ ಮಾತ್ರ ಹಿಂದೆ ಬಿದ್ದರೆ ನಮ್ಮ ದಾವಣಗೆರೆಯಲ್ಲಿ ಮೊದಲು ಆಗುವುದು ಟ್ಯೂಷನ್, ಮಗ್ಗಿ ಉರು, ಬೈಗುಳ. ಆ ಮಗುವಿಗೆ ಡಿಸ್‌ಕ್ಯಾಲ್ಕುಲಿಯಾ, ಅಂದರೆ ಸಂಖ್ಯೆ ಮತ್ತು ಲೆಕ್ಕಕ್ಕೆ ಸಂಬಂಧಿಸಿದ ಕಲಿಕಾ ನ್ಯೂನತೆ, ಇದ್ದರೆ ಇದರಿಂದ ಏನೂ ದಕ್ಕುವುದಿಲ್ಲ. ಅದರ ತೊಡಕು ಇರುವುದು 'ಎಷ್ಟು' ಎಂಬ ಅರಿವಿನಲ್ಲೇ.

ನೆಲದ ಮೇಲೆ ಮೂರು ಮೆಕ್ಕೆಜೋಳದ ಕಾಳು ಇಟ್ಟರೆ ನಾವ್ಯಾರೂ ಎಣಿಸುವುದಿಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ. ಮೂರು, ನಾಲ್ಕರವರೆಗೆ ಕಣ್ಣಿಗೆ ಈ ಶಕ್ತಿಯಿದೆ. ಡಿಸ್‌ಕ್ಯಾಲ್ಕುಲಿಯಾ ಇರುವ ಅನೇಕ ಮಕ್ಕಳು ಆ ಮೂರನ್ನೂ ಬೆರಳಿಟ್ಟು ಎಣಿಸುತ್ತಾರೆ. ಇನ್ನೊಂದು ಕಾಳು ಸೇರಿಸಿದರೆ ಮತ್ತೆ ಒಂದರಿಂದ ಶುರು. 8 ದೊಡ್ಡದೋ 9 ದೊಡ್ಡದೋ ಎಂದರೆ ತಡವರಿಸುತ್ತಾರೆ. ನೂರಾ ಒಂಬತ್ತು ಬರೆಯಿರಿ ಎಂದರೆ 1009 ಬರೆಯುತ್ತಾರೆ. ಇದು ಸೋಮಾರಿತನವಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಸಾಕು. ದಪ್ಪ ಕಾಗದದ ಚೀಟಿಗಳ ಮೇಲೆ ದಾಳದಲ್ಲಿರುವಂತೆಯೇ 1ರಿಂದ 5 ಚುಕ್ಕೆ ಬರೆಯಿರಿ. ಒಂದೆರಡು ಸೆಕೆಂಡ್ ತೋರಿಸಿ ಮುಚ್ಚಿ, ಎಷ್ಟಿತ್ತು ಎಂದು ಕೇಳಿ. ತಪ್ಪಿದರೆ ಉತ್ತರ ಹೇಳಬೇಡಿ. ಚೀಟಿ ಕೈಗೆ ಕೊಟ್ಟು ಅದೇ ನೋಡಿಕೊಳ್ಳಲಿ. ಚುಕ್ಕೆಗಳನ್ನು ಚೆಲ್ಲಾಪಿಲ್ಲಿ ಹಾಕಿದರೆ ಮನಸ್ಸಿಗೆ ಆಕಾರ ಸಿಗದೆ ಮಗು ಮತ್ತೆ ಎಣಿಕೆಗೇ ಇಳಿಯುತ್ತದೆ. ಐದು ಪಳಗಿದ ಮೇಲೆ 30 ಮೊಟ್ಟೆಯ ಟ್ರೇಯಿಂದ ಐದೈದು ಗುಳಿಯ ಎರಡು ಸಾಲು ಕತ್ತರಿಸಿ ಕಾಳು ತುಂಬಿಸಿ. ಏಳು ಎಂದರೆ ಒಂದು ಪೂರ್ತಿ ಸಾಲು, ಮೇಲೆರಡು. ಹತ್ತಕ್ಕೆ ಇನ್ನೂ ಮೂರು ಬೇಕು ಎನ್ನುವುದೂ ಅಲ್ಲೇ ಕಾಣುತ್ತದೆ. ಅಂಕಿ ಬರೆಸುವುದು ಇದರ ನಂತರ. ಇಲ್ಲಿ ಅವಸರ ಮಾಡುವವರೇ ಹೆಚ್ಚು.

ಹಾವು ಏಣಿ ಆಟವೂ ಒಳ್ಳೆಯದು, ಆದರೆ ಕಾಯಿ ನಡೆಸುವ ರೀತಿ ಮುಖ್ಯ. ಕಾಯಿ 5ರ ಮನೆಯಲ್ಲಿದ್ದು ದಾಳ 3 ಬಿದ್ದರೆ 'ಒಂದು, ಎರಡು, ಮೂರು' ಎನ್ನಿಸಬೇಡಿ, 'ಆರು, ಏಳು, ಎಂಟು' ಎನ್ನಿಸಿ. ಇಲ್ಲವಾದರೆ ಎಷ್ಟೋ ಮಕ್ಕಳು ನಿಂತ ಮನೆಯನ್ನೇ ಒಂದು ಎಂದು ಎಣಿಸುತ್ತಾರೆ. ಕೂಡುವ ಲೆಕ್ಕದಲ್ಲೂ ಉತ್ತರ ಒಂದು ಕಡಿಮೆ ಬರುವುದಕ್ಕೆ ಇದೇ ಅಭ್ಯಾಸ ಕಾರಣವಾಗುವುದುಂಟು. ಗಡಿಯಾರ ಹಿಡಿದು ಲೆಕ್ಕ ಮಾಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಹೆದರಿದ ಮಗುವಿಗೆ ಬರುತ್ತಿದ್ದುದೂ ಮರೆಯುತ್ತದೆ.

ಲೆಕ್ಕ ಬಾರದ ಮಕ್ಕಳಿಗೆಲ್ಲ ಡಿಸ್‌ಕ್ಯಾಲ್ಕುಲಿಯಾ ಎಂದಲ್ಲ. ಕಣ್ಣು, ಕಿವಿ ಪರೀಕ್ಷೆ ಆಗಿರಬೇಕು, ಶಾಲೆ ಎಷ್ಟು ತಪ್ಪಿದೆ ಎಂಬುದನ್ನೂ ನೋಡಬೇಕು. ತಿಂಗಳುಗಟ್ಟಲೆ ಹೀಗೆ ಕಲಿಸಿದರೂ ಬದಲಾಗದಿದ್ದರೆ ಮನಃಶಾಸ್ತ್ರಜ್ಞರಿಂದ ಮಾಪನ ಅಗತ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಗಳ ಸಾಲಿನಲ್ಲಿ ಡಿಸ್‌ಕ್ಯಾಲ್ಕುಲಿಯಾವನ್ನು ಹೆಸರಿಸಿಯೇ ಸೇರಿಸಿದೆ. ಹಾಗಿರುವಾಗ ಜಗಳೂರು, ಚನ್ನಗಿರಿ ಕಡೆಯ ತಂದೆ ತಾಯಿ ಕೂಲಿ ಬಿಟ್ಟು ಊರೂರು ಅಲೆಯಬೇಕಾಗಬಾರದು. ವರ್ಷಕ್ಕೆರಡು ಬಾರಿಯಾದರೂ ಆಯಾ ತಾಲ್ಲೂಕಿನಲ್ಲೇ ಮಾಪನ ಶಿಬಿರ ನಡೆಸಲು ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳು ಈ ಶೈಕ್ಷಣಿಕ ವರ್ಷದಲ್ಲೇ ದಿನ ಗೊತ್ತುಮಾಡಲಿ.

– ವಿಶೇಷ ಶಿಕ್ಷಕರು, ದಾವಣಗೆರೆ