ತಾಪ ನಿಯಂತ್ರಕದ ಹೊಂದಾಣಿಕೆ ಕಡೆಗಣಿಸಬೇಡಿ

ಮಾನ್ಯ ಸಂಪಾದಕರೇ,

ಕುಲುಮೆಯಲ್ಲಾಗಲಿ ಶೀತಲಗೃಹದಲ್ಲಾಗಲಿ ಉಷ್ಣಾಂಶ ನಿಗದಿತ ಮಟ್ಟದಲ್ಲಿ ನಿಲ್ಲದಿದ್ದರೆ ಯಂತ್ರವನ್ನೇ ದೂರಿ ಬಿಡಿಭಾಗ ಬದಲಿಸುವ ಪರಿಪಾಠ ಬೆಳೆದಿದೆ. ಎಷ್ಟೋ ಬಾರಿ ದೋಷವಿರುವುದು ನಿಯಂತ್ರಕಕ್ಕೆ ಕೊಟ್ಟ ಪಿಐಡಿ ಮೌಲ್ಯಗಳಲ್ಲಿ, ಅಂದರೆ ಉಷ್ಣಾಂಶ ಗುರಿಯಿಂದ ದೂರವಿದ್ದಾಗ ನಿಯಂತ್ರಕ ಹೇಗೆ ಸ್ಪಂದಿಸಬೇಕೆಂದು ತಿಳಿಸುವ ‘ಪಿ’, ‘ಐ’, ‘ಡಿ’ ಎಂಬ ಮೂರು ಮೌಲ್ಯಗಳಲ್ಲಿ.

180 ಡಿಗ್ರಿಗೆ ನಿಗದಿಪಡಿಸಿದ ಕುಲುಮೆ 195ಕ್ಕೆ ಏರಿ, 170ಕ್ಕೆ ಇಳಿದು, ಮತ್ತೆ ಏರುತ್ತಾ ತೂಗಾಡುತ್ತಿದ್ದರೆ, ಸೆನ್ಸರ್ ಸಡಿಲವಾಗಿಲ್ಲವೆಂದು ಮೊದಲು ಖಚಿತಪಡಿಸಿಕೊಂಡು, ಬಳಿಕ ಗುರಿಯಿಂದಿರುವ ವ್ಯತ್ಯಾಸಕ್ಕೆ ತಕ್ಕಂತೆ ಶಾಖ ಕೊಡುವ ‘ಪಿ’ಯ ಗೇನ್ (ಸ್ಪಂದನೆಯ ತೀವ್ರತೆ) ತಗ್ಗಿಸಿ ನೋಡಬೇಕು. ಉಳಿದ ವ್ಯತ್ಯಾಸವನ್ನು ಕೂಡಿಸುತ್ತಾ ಹೋಗುವ ‘ಐ’, ಹೀಟರ್ ಪೂರ್ಣ ಸಾಮರ್ಥ್ಯದಲ್ಲಿ ಉರಿಯುತ್ತಿರುವಾಗಲೂ ಕೂಡಿಸುವುದನ್ನು ನಿಲ್ಲಿಸದಿದ್ದರೆ, ಗುರಿ ತಲುಪಿದ ಮೇಲೂ ಶಾಖ ಸುರಿಯುತ್ತಲೇ ಇರುತ್ತದೆ. ಏರಿಕೆಯ ವೇಗಕ್ಕೆ ಕಡಿವಾಣ ಹಾಕುವ ‘ಡಿ’ ಉಪಯುಕ್ತವೇ ಆದರೂ ಸೆನ್ಸರ್ ಸಂಕೇತದಲ್ಲಿ ಗದ್ದಲ (ಅನಗತ್ಯ ಏರಿಳಿತ) ಇದ್ದರೆ ಅದನ್ನೇ ಹಿಗ್ಗಿಸುತ್ತದೆ.

ಈ ಮೌಲ್ಯಗಳನ್ನು ಗೊತ್ತುಮಾಡಲು ಎಂಜಿನಿಯರ್‌ಗಳಾದ ಜೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಒಳ್ಳೆಯ ಆರಂಭ. ಆದರೆ ಅದು ಕೊಡುವ ಮೌಲ್ಯಗಳು ಸಾಮಾನ್ಯವಾಗಿ ಬಿರುಸಾಗಿರುವುದರಿಂದ ಅವನ್ನೇ ಅಂತಿಮವೆಂದು ಬಿಡುವುದು ನನ್ನ ದೃಷ್ಟಿಯಲ್ಲಿ ತಪ್ಪು. ಒಮ್ಮೆಗೆ ಒಂದೇ ಮೌಲ್ಯವನ್ನು ಬದಲಿಸಿ, ಉಷ್ಣಾಂಶ ನೆಲೆಗೊಳ್ಳುವವರೆಗೆ ಕಾಯುವ ತಾಳ್ಮೆ ಅಗತ್ಯ.

ಆನ್-ಆಫ್ ಮಾದರಿಯ ಶೀತಲೀಕರಣದಲ್ಲಿ, ಚಾಲೂ ಆಗುವ ಮತ್ತು ನಿಲ್ಲುವ ಉಷ್ಣಾಂಶಗಳ ಅಂತರ ತೀರಾ ಕಿರಿದಾದರೆ ಕಂಪ್ರೆಸರ್ ಪದೇಪದೇ ಚಾಲೂ ಆಗಿ ಬೇಗ ಸವೆಯುತ್ತದೆ.

ಆದ್ದರಿಂದ ಯಂತ್ರ ಅಳವಡಿಸುವವರು ಕಾರ್ಖಾನೆಯ ಮೂಲ ಮೌಲ್ಯಗಳನ್ನು ಹಾಗೆಯೇ ಬಿಟ್ಟುಹೋಗದೆ, ನಿಜವಾದ ಹೊರೆಯಲ್ಲಿ ಹೊಂದಾಣಿಕೆ ಮಾಡಿ, ಆ ಮೌಲ್ಯಗಳನ್ನು ಬರೆದು ಬಳಕೆದಾರರಿಗೆ ಕೊಡಬೇಕೆಂದು ಕೋರುತ್ತೇನೆ.

– ಒಬ್ಬ ತಂತ್ರಜ್ಞ