ಪಡೋಸಿ ನೋಡಿದ ಮೇಲೆ ಅಪ್ಪನಿಗೆ ಬರೆದದ್ದು

ಕೋಥ್ರೂಡ್, ಪುಣೆ
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನವರಿಗೆ ಮತ್ತು ಅವ್ವನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಆರಾಮ ಇದ್ದೇನೆ. ಕೆಲಸ ಜಾಸ್ತಿ ಇದೆ, ಊಟಕ್ಕೇನೂ ತೊಂದರೆ ಇಲ್ಲ. ಅವ್ವ ಕಳಿಸಿದ ಶೇಂಗಾ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಉಳಿದಿದೆ.

ಪತ್ರ ಯಾಕೆ ಬರೆದಳು ಅಂತ ಅನ್ನಿಸಬಹುದು. ಫೋನಿನಲ್ಲಿ ಈ ವಿಷಯ ಎತ್ತಿದರೆ ನಿಮಗೆ ಸಿಟ್ಟು ಬರುತ್ತದೆ, ನನಗೆ ಅಳು ಬರುತ್ತದೆ, ಅವ್ವ ನಡುವೆ ಬಂದು ಮಾತು ಬದಲಿಸುತ್ತಾಳೆ. ಮೂರು ಸಲ ಹಾಗೇ ಆಯಿತು. ಬರೆದರೆ ನೀವು ಪೂರ್ತಿ ಓದುತ್ತೀರಿ ಅಂತ ನನಗೆ ಗೊತ್ತು. ಮನೆಗೆ ಬಂದ ಯಾವ ಕಾಗದವನ್ನೂ ನೀವು ಅರ್ಧಕ್ಕೆ ಬಿಟ್ಟವರಲ್ಲ.

ಅಪ್ಪ, ಹೋದ ವಾರ ನೀವು ಪಕ್ಕದ ಮನೆ ಚಾಚಾನ ವಿಷಯ ಹೇಳುವಾಗ ಒಂದು ಮಾತು ಅಂದಿರಿ. 'ಆ ಮಂದಿ ಹಂಗೇ ಬಿಡು' ಅಂದಿರಿ. ಆ ಮಾತು ನನ್ನ ಎದೆಯಲ್ಲಿ ಚುಚ್ಚಿ ಕೂತಿದೆ. ನಾನು ಹುಟ್ಟಿದಾಗಿನಿಂದ ನಿಮ್ಮ ಬಾಯಲ್ಲಿ ಚಾಚಾನಿಗೆ ಒಂದೇ ಹೆಸರು ಕೇಳಿದ್ದೇನೆ, ದೋಸ್ತ. 'ದೋಸ್ತ ಬಂದಾನೇನ ನೋಡು', 'ದೋಸ್ತಗ ಕೊಟ್ಟು ಬಾ'. ಚರಂಡಿ ನೀರು ನಮ್ಮ ಹಿತ್ತಲಿಗೆ ಬಂತು, ಅದಕ್ಕೆ ಜಗಳ ಆಯಿತು, ಸರಿ. ಕೆಲಸ ಅರ್ಧಕ್ಕೆ ಬಿಟ್ಟು ಹೋದದ್ದು ಗುತ್ತಿಗೆದಾರ. ಬೈದುಕೊಂಡವರು ನೀವಿಬ್ಬರು. ಆದರೆ ಒಬ್ಬ ದೋಸ್ತ ಯಾವಾಗ 'ಆ ಮಂದಿ' ಆದ? ಆ ಮಾತು ನಿಮ್ಮದಲ್ಲ ಅಪ್ಪ. ಯಾರೋ ನಮ್ಮ ಕಟ್ಟೆ ಮೇಲೆ ಬಂದು ಕೂತು ನಿಮ್ಮ ಬಾಯಿಗೆ ಇಟ್ಟು ಹೋಗಿದ್ದಾರೆ. ಚಾಚಾನ ಕಟ್ಟೆ ಮೇಲೂ ಅಂಥವರು ಕೂತು ಹೋಗಿರಬೇಕು.

ಇದನ್ನು ಯೋಚಿಸುತ್ತಲೇ ಇದ್ದೆ. ಶನಿವಾರ ರಾತ್ರಿ ನಮ್ಮ ಮನೆ ಮಾಲೀಕರ ತಾಯಿ, ನಾನು ಆಜಿ ಅಂತ ಕರೆಯುವವರು, ಒಂದು ಹಳೇ ಸಿನಿಮಾ ಹಚ್ಚಿಕೊಡು ಅಂದರು. 1941ರ ಹಿಂದಿ ಸಿನಿಮಾ, 'ಪಡೋಸಿ'. ನೆರೆಮನೆಯವನು ಅಂತ ಅರ್ಥ. ವಿ. ಶಾಂತಾರಾಂ ಮಾಡಿದ್ದು. ಇದನ್ನೇ ಮರಾಠಿಯಲ್ಲಿ 'ಶೇಜಾರಿ' ಅಂತಲೂ ಮಾಡಿದ್ದರು. ಆಜಿಗೆ ಶೇಜಾರಿಯ 'ಲಖಲಖ ಚಂದೇರಿ' ಹಾಡು ಬಾಯಿಪಾಠ. ಮಾಸ್ಟರ್ ಕೃಷ್ಣರಾವ್ ಕೂಡಿಸಿದ ರಾಗ. ಸಿನಿಮಾ ಶುರುವಾಗುವ ಮೊದಲೇ ಆಜಿ ಅದನ್ನು ಎರಡು ಸಲ ಹಾಡಿ ಮುಗಿಸಿದರು.

ಕಥೆ ದೊಡ್ಡದೇನಲ್ಲ. ಒಂದು ಹಳ್ಳಿ. ಠಾಕುರ್ ಮತ್ತು ಮಿರ್ಜಾ ಅಂತ ಇಬ್ಬರು ಮುದುಕರು, ಅಕ್ಕಪಕ್ಕದ ಮನೆ. ಕೂತರೆ ಚದುರಂಗ, ಎದ್ದರೆ ಊರಿನ ಪಂಚಾಯ್ತಿ. ಓಂಕಾರ್ ಅನ್ನುವ ದುಡ್ಡಿನ ಮನುಷ್ಯ ಅಲ್ಲಿ ಅಣೆಕಟ್ಟು ಕಟ್ಟಬೇಕು ಅಂತ ಬರುತ್ತಾನೆ. ಅವನಿಗೆ ಭೂಮಿ ಬೇಕು. ಈ ಇಬ್ಬರು ಒಂದಾಗಿ ಇರುವ ತನಕ ಊರು ಅವನ ಕೈಗೆ ಸಿಗುವುದಿಲ್ಲ. ಹಾಗಾಗಿ ಇಬ್ಬರ ನಡುವೆ ಹುಳಿ ಹಿಂಡುತ್ತಾನೆ. ಅಷ್ಟೇ.

ನನ್ನನ್ನು ಹಿಡಿದು ಕೂರಿಸಿದ್ದು ಆ ಮಿರ್ಜಾನ ಮುಖ. ಗೆಳೆಯನ ಮೇಲೆ ಅನುಮಾನ ಬಂದ ಮೇಲೆ ಆ ಮುಖ ಒಳಗಿಂದ ಮುಚ್ಚಿಕೊಳ್ಳುತ್ತದೆ. ಫೋನಿನಲ್ಲಿ ಮುಖ ಕಾಣದೆ ಹೋದರೂ, ನಿಮ್ಮ ದನಿ ಹಾಗೇ ಮುಚ್ಚಿಕೊಂಡದ್ದು ನನಗೆ ಕೇಳಿಸಿತ್ತು. ಸಿನಿಮಾ ಮುಗಿದ ಮೇಲೆ ಆಜಿ ಹೇಳಿದರು, ಆ ಮಿರ್ಜಾ ಆದವರು ಗಜಾನನ ಜಾಗೀರ್‌ದಾರ್ ಅಂತ. ಹಿಂದೂ ಠಾಕುರ್ ಆದವರು ಮಜಹರ್ ಖಾನ್. ಅಂದರೆ ಹಿಂದೂ ನಟ ಮುಸಲ್ಮಾನನಾಗಿ, ಮುಸಲ್ಮಾನ ನಟ ಹಿಂದೂವಾಗಿ! ನೋಡುವಾಗ ನನಗೆ ಒಂದು ಕ್ಷಣವೂ ಗೊತ್ತಾಗಲಿಲ್ಲ. ಮಜಹರ್ ಖಾನರ ಠಾಕುರ್ ನಮ್ಮ ಊರ ಗೌಡರ ಹಾಗೆಯೇ ಇದ್ದಾನೆ. ಈ ಒಂದು ಆಯ್ಕೆಯಲ್ಲೇ ಶಾಂತಾರಾಂ ಹೇಳಬೇಕಾದ ಅರ್ಧ ಮಾತು ಹೇಳಿಬಿಟ್ಟಿದ್ದಾರೆ ಅಂತ ನನಗೆ ಅನ್ನಿಸಿತು.

ಅದು ಯಾವ ಕಾಲ ನೋಡಿ. 1940ರ ಮಾರ್ಚಿನಲ್ಲಿ ಲಾಹೋರಿನಲ್ಲಿ ಮುಸ್ಲಿಂ ಲೀಗಿನ ಠರಾವು ಆಗಿತ್ತು. ದೇಶ ಬೇರೆ ಆಗಬೇಕು ಅನ್ನುವ ಮಾತು ಜೋರಾಗುತ್ತಿತ್ತು. ಮರುವರ್ಷವೇ ಈ ಸಿನಿಮಾ ಬಂತು. ಆರು ವರ್ಷಕ್ಕೆ ದೇಶ ಒಡೆದೇ ಹೋಯಿತು. ಒಂದು ಸಿನಿಮಾ ಅದನ್ನು ತಡೆಯಲಿಕ್ಕೆ ಆಗಲಿಲ್ಲ, ನಿಜ. ಆದರೂ ಆ ಹೊತ್ತಿನಲ್ಲಿ ಅದನ್ನು ಮಾಡಬೇಕು ಅಂತ ಕೆಲವರಿಗೆ ಅನ್ನಿಸಿತಲ್ಲ, ಅದು ನನಗೆ ದೊಡ್ಡದು.

ಇದನ್ನು ತೆಗೆದದ್ದು ಇಲ್ಲೇ, ನಮ್ಮ ಮನೆಗೆ ಹತ್ತಿರದಲ್ಲೇ. ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಕೊಲ್ಹಾಪುರದಲ್ಲಿ ಶುರುವಾಗಿ, 1933ರಲ್ಲಿ ಪುಣೆಗೆ ಬಂತು. ಅದೇ ಜಾಗದಲ್ಲಿ ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ನಮ್ಮ ಗಿರೀಶ್ ಕಾಸರವಳ್ಳಿ ಓದಿದ್ದು ಅಲ್ಲೇ. ಗಿರೀಶ್ ಕಾರ್ನಾಡರು ಕೆಲ ಕಾಲ ಅದರ ಮುಖ್ಯಸ್ಥರಾಗಿದ್ದರು. ನಾನು ಲಾ ಕಾಲೇಜ್ ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಇಷ್ಟು ದಿನ ಆ ಗೇಟನ್ನು ಸುಮ್ನೆ ನೋಡಿ ಹೋಗುತ್ತಿದ್ದೆ.

ಪ್ರಭಾತ್ ಕಟ್ಟಿದವರಲ್ಲಿ ವಿಷ್ಣುಪಂತ ದಾಮ್ಲೆ ಮತ್ತು ಶೇಖ್ ಫತ್ತೇಲಾಲ್ ಅಂತ ಇಬ್ಬರಿದ್ದರು. ಕೊಲ್ಹಾಪುರದ ಸಿನಿಮಾ ನಿರ್ದೇಶಕ ಬಾಬೂರಾವ್ ಪೇಂಟರ್ ಹತ್ತಿರ ಕೂಡಿ ಕೆಲಸ ಕಲಿತ ಗೆಳೆಯರು. 1936ರ 'ಸಂತ ತುಕಾರಾಮ್' ಇಬ್ಬರೂ ಸೇರಿ ನಿರ್ದೇಶನ ಮಾಡಿದ ಸಿನಿಮಾ. ವಿಠ್ಠಲನ ಭಕ್ತನ ಕಥೆಯನ್ನು ಒಬ್ಬ ಶೇಖ್ ಕೂತು ಕಟ್ಟಿದ್ದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಫತ್ತೇಲಾಲರನ್ನು ಎಲ್ಲರೂ ಸಾಹೇಬಮಾಮಾ ಅಂತ ಕರೆಯುತ್ತಿದ್ದರಂತೆ. ಈ ಹೆಸರು ಕೇಳಿದಾಗ ನನಗೆ ಚಾಚಾನ ನೆನಪಾಗಿ ಗಂಟಲು ಕಟ್ಟಿತು.

ಇನ್ನೊಂದು ಮಾತು, ಇದು ನಿಮಗೆ ಖುಷಿ ಕೊಡುತ್ತದೆ. ಶಾಂತಾರಾಂ ಹುಡುಗನಾಗಿದ್ದಾಗ ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ್ದರು! ಊರಿನ ತಗಡಿನ ಟಾಕೀಸಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಾ ಸಿನಿಮಾದ ಹುಚ್ಚು ಹತ್ತಿಸಿಕೊಂಡದ್ದೂ ಅಲ್ಲೇ. ನೀವೂ ಚಾಚಾನೂ ಭೋಂಗಾ ಕೂಗುವ ಮೊದಲೇ ಒಂದೇ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಅದೇ ವರ್ಕ್‌ಶಾಪ್ ಅಪ್ಪ. ಚಾಚಾನಿಗೆ ಇದನ್ನು ನೀವೇ ಹೇಳಬೇಕು. ನಾನು ಹೇಳುವುದಿಲ್ಲ.

ಸಿನಿಮಾದ ಕೊನೆಗೆ ಅಣೆಕಟ್ಟು ಒಡೆಯುತ್ತದೆ. ಆ ಕಾಲಕ್ಕೆ ಅದನ್ನು ಹೇಗೆ ತೆಗೆದರೋ ಅಂತ ಈಗಲೂ ಆಶ್ಚರ್ಯ ಆಗುತ್ತದೆ. ಆಜಿ ಅಲ್ಲಿ ನೋಡಲಾಗದೆ ಮುಖ ಆಚೆ ತಿರುಗಿಸಿದರು. 1961ರ ಜುಲೈ 12ಕ್ಕೆ ಪಾನಶೇತ್ ಅಣೆಕಟ್ಟು ಒಡೆದು, ಹಿಂದೆಯೇ ಖಡಕ್‌ವಾಸ್ಲಾ ಒಡೆದು, ಅರ್ಧ ಪುಣೆ ನೀರಿನಲ್ಲಿ ಮುಳುಗಿತ್ತು. ಆಜಿ ಆಗ ಸಣ್ಣ ಹುಡುಗಿ, ಹೊಳೆ ಹತ್ತಿರದ ಪೇಟೆಯಲ್ಲಿ ಮನೆ. ಅವರನ್ನು ಎತ್ತಿಕೊಂಡು ಮಾಳಿಗೆ ಹತ್ತಿಸಿದ್ದು ಓಣಿಯ ಕೊನೆ ಮನೆಯ ಮುಸಲ್ಮಾನ ಬಾಂಡೆ ವ್ಯಾಪಾರಿ ಅಂತೆ. ಆವತ್ತು ರಾತ್ರಿ ಅವರದೇ ಮನೆಯಲ್ಲಿ ಅಕ್ಕಿ ಗಂಜಿ ಕುಡಿದು ಮಲಗಿದರಂತೆ. ಇಷ್ಟು ಹೇಳಿ ಆಜಿ ಬಹಳ ಹೊತ್ತು ಸುಮ್ಮನಿದ್ದರು.

ಆ ನೀರಿನಲ್ಲಿ ಠಾಕುರ್ ಮತ್ತು ಮಿರ್ಜಾ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಸಾಯುತ್ತಾರೆ. ಎಲ್ಲರೂ ಅದನ್ನು ಹೊಗಳುತ್ತಾರೆ. ನನಗೆ ಮಾತ್ರ ಸಿಟ್ಟು ಬಂತು. ಕೈ ಹಿಡಿಯಲಿಕ್ಕೆ ಅಣೆಕಟ್ಟೇ ಒಡೆಯಬೇಕಿತ್ತಾ? ನಡುವೆ ಇದ್ದದ್ದು ಒಂದು ಗೋಡೆ ಅಲ್ವಾ? ಇನ್ನೊಂದು, ಸಿನಿಮಾದಲ್ಲಿ ತಪ್ಪೆಲ್ಲ ಓಂಕಾರನ ತಲೆಗೆ ಹೋಗುತ್ತದೆ. ಹೌದು, ಬೆಂಕಿ ಹಚ್ಚಿದವನು ಅವನು. ಆದರೆ ಅವನ ಮಾತಿಗೆ ಕಿವಿ ಕೊಟ್ಟವರು ಇವರೇ. ಇಷ್ಟು ವರ್ಷ ನೋಡಿದ ಗೆಳೆಯನನ್ನು ಬಿಟ್ಟು, ನಿನ್ನೆ ಬಂದವನನ್ನು ನಂಬಿದರು.

ಅಪ್ಪ, ಸಣ್ಣಬಾಯಿ ದೊಡ್ಡಮಾತು ಅಂದುಕೊಳ್ಳಬೇಡಿ. ನಾನು ಕಂಡದ್ದನ್ನೇ ಹೇಳುತ್ತಿದ್ದೇನೆ. ದಿನಾ ಸಂಜೆ ಒಂದು ಕಪ್ ಚಹಾ, ಕಪ್ಪಿನಲ್ಲಿ ಉಳಿದದ್ದು ನಿಮಗೆ, ಬಸಿಗೆ ಸುರಿದದ್ದು ಚಾಚಾಗೆ. ಅವ್ವನಿಗೆ ಆಪರೇಷನ್ ಆದಾಗ ಹತ್ತು ದಿನ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವರು ಚಾಚಿ. ಮೊಹರಮ್ಮಿನಲ್ಲಿ ಚೊಂಗೆ, ರಂಜಾನಿಗೆ ಸುರಕುಂಬಾ. ಶರೀಫಜ್ಜನ ಪದ ನನಗೆ ಕಲಿಸಿದವರು ಚಾಚಾ. ಗೋವಿಂದಭಟ್ಟರು ಶರೀಫರಿಗೆ ಜನಿವಾರ ಹಾಕಿದ ಕಥೆ ಹೇಳುವಾಗ ನೀವಿಬ್ಬರೂ ಕಣ್ಣು ಒರೆಸಿಕೊಳ್ಳುತ್ತಿದ್ದಿರಿ. ನಾನು ಮರೆತಿಲ್ಲ.

ಚರಂಡಿ ಪೈಪಿಗೆ ಎಷ್ಟು ಖರ್ಚು ಬರುತ್ತದೆ ಅಂತ ಕೇಳಿ ತಿಳಿಸಿ. ಎರಡೂ ಮನೆಯ ಪಾಲು ನಾನು ಕಳಿಸುತ್ತೇನೆ. ಬೇಡ ಅನ್ನಬೇಡಿ. ಕಟ್ಟೆ ಮೇಲೆ ಬಂದು ಕೂರುವ ಆ ಮನುಷ್ಯನಿಗೆ ಇನ್ನು ಮುಂದೆ ಚಹಾ ಕೊಡಬೇಡಿ ಅಂತ ಅವ್ವನಿಗೆ ಹೇಳುತ್ತಿದ್ದೇನೆ.

ಅವ್ವಾ, ಚಾಚಿಯ ಸುರಕುಂಬಾದ ಸ್ಟೀಲ್ ಡಬ್ಬಿ ಇನ್ನೂ ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲೇ ಇದೆ, ಹೋದ ಸಲ ಬಂದಾಗ ನೋಡಿದ್ದೆ. ಖಾಲಿ ಡಬ್ಬಿ ಹಿಂದಕ್ಕೆ ಕೊಡಬಾರದು ಅಂತ ನನಗೆ ಕಲಿಸಿದವಳು ನೀನೇ. ಅದರ ತುಂಬ ಎಳ್ಳುಂಡಿ ಹಾಕು. ತೆಗೆದುಕೊಂಡು ಹೋಗುವುದು ಮಾತ್ರ ನೀನಲ್ಲ, ಅಪ್ಪನೇ.

ಮುಂದಿನ ಶುಕ್ರವಾರ ರಾತ್ರಿ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಸ್ಟೇಷನ್ನಿಗೆ ಯಾರಾದರೂ ಬನ್ನಿ. ಇಬ್ಬರೂ ಬಂದರೆ ಇನ್ನೂ ಒಳ್ಳೆಯದು, ಸಾಮಾನು ಜಾಸ್ತಿ ಇದೆ.

ಇಂತಿ ನಿಮ್ಮ ಮಗಳು